ಕಿಡ್ನಿ ವಾಪಸ್ ತೆಗೆದುಕೊಳ್ಳುವ ಲೆಕ್ಕ

ಕೇಳುಗರಿಗೆ ನಮಸ್ಕಾರ.

"ಕಿಡ್ನಿ ತೊಳೆಯಬೇಕಾದರೆ ದಿನಕ್ಕೆ ಐದಾರು ಲೀಟರ್ ನೀರು ಕುಡಿಯಿರಿ" ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ದಯವಿಟ್ಟು ಅದನ್ನು ಅಳಿಸಿಬಿಡಿ. ಕಿಡ್ನಿಯನ್ನು ಯಾರೂ ತೊಳೆಯಬೇಕಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು: ಕಿಡ್ನಿಯ ದೊಡ್ಡ ಕೆಲಸ ಹೊರಗೆ ಹಾಕುವುದಲ್ಲ, ವಾಪಸ್ ತೆಗೆದುಕೊಳ್ಳುವುದು.

ಲೆಕ್ಕ ನೋಡಿ. ತಲಾ ಸುಮಾರು 150 ಗ್ರಾಂ ತೂಗುವ ಎರಡು ಕಿಡ್ನಿಗಳಿಗೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು. ನೆಫ್ರಾನ್ ಎಂದರೆ ರಕ್ತನಾಳದ ಒಂದು ಪುಟ್ಟ ಗಂಟು, ಅದಕ್ಕೆ ಅಂಟಿಕೊಂಡ ಒಂದು ಸಣ್ಣ ಕೊಳವೆ. ಈ ಎಲ್ಲ ಗಂಟುಗಳಿಂದ ದಿನಕ್ಕೆ 180 ಲೀಟರ್ ನೀರು ಸೋಸಿ ಇಳಿಯುತ್ತದೆ, ಅದರ ಜೊತೆ ಸುಮಾರು ಒಂದೂವರೆ ಕಿಲೋ ಉಪ್ಪು. ಆದರೆ ನಾವು ಮೂತ್ರ ಮಾಡುವುದು ಒಂದೂವರೆ ಲೀಟರಿನ ಆಸುಪಾಸು, ಅದರಲ್ಲಿ ಹೋಗುವ ಉಪ್ಪು ಕೆಲವೇ ಗ್ರಾಂ. ಉಳಿದದ್ದನ್ನೆಲ್ಲ ಕೊಳವೆ ರಕ್ತಕ್ಕೆ ವಾಪಸ್ ಸೇರಿಸುತ್ತದೆ. ಹುತ್ತರಿ ಹಬ್ಬಕ್ಕೆ ಮೊದಲು ಮನೆಯ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಮಾತ್ರ ಒಳಗೆ ಒಯ್ಯುತ್ತೀರಲ್ಲ, ಹಾಗೆ.

ಕೊಳವೆಯ ಮೊದಲ ಭಾಗ ನೀರು, ಉಪ್ಪಿನ ಮೂರರಲ್ಲಿ ಎರಡು ಪಾಲನ್ನೂ, ಸಕ್ಕರೆಯನ್ನು ಪೂರ್ತಿಯಾಗಿಯೂ ಎಳೆದುಕೊಳ್ಳುತ್ತದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 180 ಮಿಲಿಗ್ರಾಂ ದಾಟಿತೋ, ಅದರ ಕೈಲಾಗುವುದಿಲ್ಲ. ಮಿಕ್ಕ ಸಕ್ಕರೆ ನೀರನ್ನೂ ಎಳೆದುಕೊಂಡು ಹೊರಡುತ್ತದೆ. ಶುಗರ್ ಇರುವವರು ರಾತ್ರಿ ಮತ್ತೆ ಮತ್ತೆ ಏಳುವುದು ಇದಕ್ಕೇ.

ಕೊಳವೆಯ ಕೊನೆಯ ಭಾಗದಲ್ಲಿ ಮೆದುಳಿನ ಮಾತು ನಡೆಯುತ್ತದೆ. ಬಿಸಿಲಲ್ಲಿ ಕಾಫಿ ಕೊಯ್ದು ಬೆವರಿದಿರಿ ಅನ್ನಿ. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಸಾಕು, ಮೆದುಳು ಎಡಿಎಚ್ ಎಂಬ ಹಾರ್ಮೋನು ಬಿಡುತ್ತದೆ. ಕೊಳವೆ ಇನ್ನಷ್ಟು ನೀರು ವಾಪಸ್ ತೆಗೆದುಕೊಳ್ಳುತ್ತದೆ, ಮೂತ್ರ ಕಡಿಮೆಯಾಗಿ ಹಳದಿಯಾಗುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಬೆವರೇ ಇಲ್ಲ, ಮೂತ್ರ ಹೆಚ್ಚು. ಅದು ಕಾಯಿಲೆ ಅಲ್ಲ, ಗಾಬರಿ ಬೇಡ.

ಈಗ ನನಗೆ ತುಂಬ ಇಷ್ಟವಾದ ಸಂಗತಿ. 1943ರಲ್ಲಿ ನಾಜಿಗಳ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸಿನ ಕಾಂಪೆನ್ ಊರಿನಲ್ಲಿ ವಿಲ್ಲೆಮ್ ಕಾಲ್ಫ್ ಎಂಬ ಯುವ ವೈದ್ಯ ಕೃತಕ ಕಿಡ್ನಿ ಕಟ್ಟಿದ. ಯುದ್ಧಕಾಲ, ಸಾಮಾನು ಸಿಗದು. ಮಾಂಸದ ಸಾಸೇಜಿಗೆ ಹೊದಿಸುವ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿದ. ಡ್ರಮ್ಮಿನ ಕೆಳಭಾಗ ಉಪ್ಪುನೀರಿನ ತೊಟ್ಟಿಯಲ್ಲಿ. ತಿರುಗುವ ಡ್ರಮ್ಮಿಗೆ ರಕ್ತ ಸೋರದೆ ಹೋಗಬೇಕಲ್ಲ, ಅದಕ್ಕೆ ಫೋರ್ಡ್ ಕಾರಿನ ನೀರಿನ ಪಂಪಿನ ಜೋಡಣೆ ನೋಡಿ ಉಪಾಯ ಕಂಡುಕೊಂಡ. ಮೊದಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಆತ ಬಿಡಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಹೆಂಗಸು ಆ ಯಂತ್ರದಿಂದ ಎಚ್ಚೆತ್ತು ಬದುಕಿಕೊಂಡಳು. ಇಂದಿನ ಡಯಾಲಿಸಿಸ್ ಯಂತ್ರಗಳ ಮೂಲ ಇದೇ. ಆದರೆ ಗಮನಿಸಿ: ಯಂತ್ರಕ್ಕೆ ಸೋಸಲು ಬರುತ್ತದೆ, ಗಳಿಗೆ ಗಳಿಗೆಗೂ ಅಳೆದು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಮಲಗಿದವರೂ ನಡುವಿನ ದಿನಗಳಲ್ಲಿ ಲೋಟ ಎಣಿಸಿ ನೀರು ಕುಡಿಯಬೇಕು, ಬಾಳೆಹಣ್ಣು, ಎಳನೀರಿನಲ್ಲಿರುವ ಪೊಟ್ಯಾಸಿಯಂ ಎಂಬ ಲವಣಕ್ಕೆ ಹೆದರಬೇಕು. ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಉಪ್ಪು ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದಷ್ಟು ಸಾಕು. ಉಪ್ಪಿನಕಾಯಿ, ಒಣಮೀನಿನದೂ ಈ ಲೆಕ್ಕದೊಳಗೇ. ಬಿಪಿ, ಶುಗರ್ ಇರುವವರು ಕಿಡ್ನಿ ಹೇಗಿದೆಯೆಂದು ತಿಳಿಯಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸಿ. ಕಾಲು ಊದುವವರೆಗೆ ಕಾಯಬೇಡಿ.

ವಾಂತಿ ಭೇದಿಯಾದಾಗ ಮೈಕೈ ನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಲೇಬೇಡಿ. ನೀರು ಕಡಿಮೆಯಾದಾಗ ದೇಹ ಕಿಡ್ನಿಗೆ ರಕ್ತ ತರುವ ನಾಳವನ್ನು ಕಷ್ಟಪಟ್ಟು ತೆರೆದಿಟ್ಟಿರುತ್ತದೆ, ಈ ಮಾತ್ರೆ ಅದನ್ನು ಕಿರಿದು ಮಾಡುತ್ತದೆ. ರಕ್ತವೇ ಬರದಿದ್ದರೆ ಕಿಡ್ನಿ ಏನನ್ನು ವಾಪಸ್ ತೆಗೆದುಕೊಳ್ಳಬೇಕು? ಅಂಥ ಹೊತ್ತಿಗೆ ಓಆರ್‌ಎಸ್ ಕುಡಿಯಿರಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಲೋಟಕ್ಕೆ ಚೂರುಚೂರು ಉದುರಿಸಬೇಡಿ. ಪೊಟ್ಟಣ ಇಲ್ಲವೇ, ಅದೇ ಒಂದು ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ. ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ ಆಸ್ಪತ್ರೆಗೆ ಹೊರಡಿ.

ನಮಸ್ಕಾರ.