ಜಪಾನಿನ ಪುಟ್ಟ ಟ್ರಕ್ಕಿಗೆ ವಯಸ್ಸೆಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ. ನನಗೆ 12 ನಿಮಿಷ ಕೊಟ್ಟಿದ್ದಾರೆ. ಒಂದೇ ಒಂದು ಮಾತು ನಿಮ್ಮ ತಲೆಯಲ್ಲಿ ಕೂರಿಸಿ ಹೋಗಬೇಕು ಅಂತ ಬಂದಿದ್ದೇನೆ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರು ಅರ್ಧಕ್ಕೆ ರೇಡಿಯೋ ಆರಿಸಿದರೂ ನಷ್ಟ ಆಗಬಾರದು. ಜಪಾನಿನಿಂದ ಬಂದ ಪುಟ್ಟ ಟ್ರಕ್ಕು ಯಾವ ವರ್ಷದ್ದು ಅಂತ ತಿಳಿಯಬೇಕಾ? ಮೊದಲು ಫ್ರೇಮ್ ನಂಬರ್, ಅಂದರೆ ಚಾಸಿಯ ಮೇಲೆ ಕೊರೆದಿರುವ ನಂಬರ್ ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಇಲ್ಲಿ ಅಮೆರಿಕದಲ್ಲಿ ನಮ್ಮವರು ಬಹಳ ಜನ ಊರಾಚೆ ಮೂರೋ ಐದೋ ಎಕರೆ ಜಾಗ ತೆಗೆದುಕೊಂಡಿದ್ದಾರೆ. ನಾಲ್ಕು ಕೋಳಿ, ಎರಡು ಸಾಲು ಬದನೆ, ಚಳಿಗಾಲಕ್ಕೆ ಒಂದಿಷ್ಟು ಸೌದೆ. ಅದನ್ನೆಲ್ಲ ಸಾಗಿಸೋಕೆ ದೊಡ್ಡ ಪಿಕಪ್ ಜಾಸ್ತಿ ಆಯಿತು, ಕೈಗಾಡಿ ಕಡಿಮೆ ಆಯಿತು. ಆಗ ಕಣ್ಣಿಗೆ ಬೀಳುವುದೇ ಜಪಾನಿನ ಈ ಪುಟ್ಟ ಟ್ರಕ್ಕು. ಅಲ್ಲಿ ಅದಕ್ಕೆ ಕೇ ಟ್ರಕ್ ಅನ್ನುತ್ತಾರೆ. ಹೊರೋದು 350 ಕಿಲೋ. ಸುಜುಕಿ ಕ್ಯಾರಿ, ಹೋಂಡಾ ಆಕ್ಟಿ, ದೈಹಾತ್ಸು ಹೈಜೆಟ್, ಸುಬಾರು ಸಾಂಬಾರ್. ಹೌದು, ಗಾಡಿಯ ಹೆಸರೇ ಸಾಂಬಾರ್. ನಗೋದಿದ್ದರೆ ಈಗಲೇ ನಕ್ಕುಬಿಡಿ.

ನಮಗೆ ಇದು ಹೊಸ ಗಾಡಿಯೇನಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನ್ ನೆನಪಿದೆಯಾ, ಆಮೇಲೆ ಓಮ್ನಿ ಆಯಿತಲ್ಲ, ಅದು ಈ ಸುಜುಕಿ ಕ್ಯಾರಿಯ ಮನೆತನದ್ದೇ. ಸೀಟಿನ ಕೆಳಗೆ ಇಂಜಿನ್, ಕೂತವರಿಗೆ ಕೆಳಗಿನಿಂದ ಬಿಸಿ. ಆ ಬಿಸಿ ಕಂಡವರಿಗೆ ಕ್ಯಾರಿ ಟ್ರಕ್ಕು ಹತ್ತಿದ ಕೂಡಲೇ ಊರಿನ ನೆನಪಾಗುತ್ತದೆ.

ಸರಿ, ವರ್ಷದ ಮಾತಿಗೆ ಬರೋಣ. ವರ್ಷ ಯಾಕೆ ಬೇಕು? ಅಮೆರಿಕದಲ್ಲಿ ಗಾಡಿ ತಯಾರಾಗಿ 25 ವರ್ಷ ತುಂಬಿರಬೇಕು. ಆಗ ಇಲ್ಲಿನ ಸುರಕ್ಷತಾ ನಿಯಮಗಳ ತಕರಾರಿಲ್ಲದೆ ಒಳಗೆ ಬಿಡುತ್ತಾರೆ. ಕೆನಡಾದಲ್ಲಿ 15 ವರ್ಷ ಸಾಕು. ರಸ್ತೆಗೆ ಇಳಿಸಬಹುದೋ ಇಲ್ಲವೋ ಅನ್ನೋದು ಒಂದೊಂದು ರಾಜ್ಯಕ್ಕೆ ಒಂದೊಂದು ತರ, ಅದನ್ನು ನಿಮ್ಮ ರಾಜ್ಯದ ಕಚೇರಿಯಲ್ಲೇ ಕೇಳಿ. ನನ್ನ ಚಿಂತೆ ಅದಲ್ಲ. ಗಾಡಿ ಬಂದ ಮೇಲೆ ಬಿಡಿಭಾಗ ತರಿಸಬೇಕಲ್ಲ, ಅಲ್ಲಿದೆ ಪೇಚಾಟ.

ಅಮೆರಿಕದ ಗಾಡಿಗೆ 1981ರಿಂದ 17 ಅಕ್ಷರದ ನಂಬರ್ ಇದೆ. ಅದರಲ್ಲಿ ಹತ್ತನೆಯದು ಮಾಡೆಲ್ ವರ್ಷ. ಆ ಅಭ್ಯಾಸದಲ್ಲೇ ಜನ ಜಪಾನಿನ ನಂಬರನ್ನೂ ಕಂಪ್ಯೂಟರಿಗೆ ಹೊಡೆಯುತ್ತಾರೆ, ಕಂಪ್ಯೂಟರ್ ತಪ್ಪು ಅನ್ನುತ್ತದೆ, ಇವರು ನನಗೆ ಫೋನ್ ಮಾಡುತ್ತಾರೆ. ಜಪಾನ್ ತನ್ನ ಜನಕ್ಕೆ ಮಾಡಿಕೊಂಡ ಗಾಡಿಯಲ್ಲಿ 17 ಅಕ್ಷರ ಇರೋದಿಲ್ಲ. ಇರೋದು ಫ್ರೇಮ್ ನಂಬರ್. ಮೊದಲು ಕೆಲವು ಅಕ್ಷರ, ನಡುವೆ ಒಂದು ಅಡ್ಡಗೆರೆ, ಆಮೇಲೆ ಅಂಕಿ. ಉದಾಹರಣೆಗೆ ಡಿಡಿ51ಟಿ, ಅಡ್ಡಗೆರೆ, ಒಂದಿಷ್ಟು ಅಂಕಿ. ಗೆರೆಯ ಎಡಕ್ಕೆ ಇರೋದು ಗಾಡಿಯ ಜಾತಕ: ಯಾವ ಪೀಳಿಗೆ, ಯಾವ ಇಂಜಿನ್, ಎರಡು ಚಕ್ರಕ್ಕೆ ಶಕ್ತಿಯೋ ನಾಲ್ಕಕ್ಕೋ. ಬಲಕ್ಕೆ ಇರೋದು ಸಾಲಿನಲ್ಲಿ ಎಷ್ಟನೆಯದು ಅನ್ನೋ ಲೆಕ್ಕ. ವರ್ಷ ಅಲ್ಲಿ ಬರೆದಿರೋದಿಲ್ಲ. ಆದರೆ ಕಂಪನಿಯ ಬಿಡಿಭಾಗದ ಪಟ್ಟಿ ನಡೆಯೋದೇ ಈ ನಂಬರಿನ ಮೇಲೆ. ಇಂಥ ಅಂಕಿಯಿಂದ ಇಂಥ ಅಂಕಿಯವರೆಗೆ ಈ ಭಾಗ, ಅಲ್ಲಿಂದ ಮುಂದೆ ಬೇರೆ ಭಾಗ. ಅದಕ್ಕೇ ಹೇಳಿದ್ದು, ಮೊದಲು ಫ್ರೇಮ್ ನಂಬರ್.

ಇನ್ನು ಜಪಾನಿನ ಕಾಗದದಲ್ಲಿ ಕಾಣುವ ವರ್ಷ. ಅದು ಗಾಡಿ ಹುಟ್ಟಿದ ದಿನ ಅಲ್ಲ, ಶಾಲೆಗೆ ಸೇರಿಸಿದ ದಿನ! ಮೊದಲ ತಪಾಸಣೆ ಮುಗಿಸಿ ರಸ್ತೆಗೆ ಇಳಿದದ್ದು ಯಾವಾಗ ಅಂತ ಅಷ್ಟೇ ಅದು ಹೇಳುತ್ತದೆ. ಅಲ್ಲಿ ಅಮೆರಿಕದ ತರ ಮಾಡೆಲ್ ವರ್ಷ ಅನ್ನೋ ಪದ್ಧತಿಯೂ ಇಲ್ಲ. ಅಂಗಡಿಯ ಹಿಂದೆ ಎಂಟು ತಿಂಗಳು ನಿಂತಿದ್ದ ಗಾಡಿಗೂ ಮಾರಿದ ದಿನದ ವರ್ಷವೇ.

ಆ ವರ್ಷವನ್ನೂ ನೇರವಾಗಿ ಬರೆಯುವುದಿಲ್ಲ. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ ಇದ್ದ ಹಾಗೆ ಅವರಿಗೆ ಚಕ್ರವರ್ತಿಯ ಕಾಲದ ಲೆಕ್ಕ. ಶೋವಾ ಅಂತ ಇದ್ದರೆ 25 ಕೂಡಿಸಿ. ಶೋವಾ 60, ಅಂದರೆ 85, ಅಂದರೆ 1985. ಹೇಸೇ ಅಂತ ಇದ್ದರೆ 88 ಕೂಡಿಸಿ. ಹೇಸೇ 8 ಅಂದರೆ 96. ಹೇಸೇ 12 ಅಂದರೆ ನೂರು, ಅಂದರೆ 2000. ಜಪಾನಿನಲ್ಲಿ ಈ ಗಾಡಿಗಳನ್ನು ಮಾರುವ ಹರಾಜಿನ ಚೀಟಿಯಲ್ಲಿ ಸುಮ್ನೆ ಎಚ್8 ಅಂತ ಗೀಚಿರುತ್ತಾರೆ, ಅದೂ ಇದೇ. ಶಕೆಗೆ 78 ಕೂಡಿಸಿದವರಿಗೆ ಇದೇನು ಕಷ್ಟ ಅಲ್ಲ.

ಈಗ ನಮ್ಮ ಭಾವನ ಕಥೆ ಹೇಳಲೇಬೇಕು. ನನ್ನ ಹೆಂಡತಿಯ ಅಣ್ಣ, ಮೂಡಿಗೆರೆ ಕಡೆಯವರು, ಈಗ ಉತ್ತರ ಕೆರೊಲೈನಾದಲ್ಲಿದ್ದಾರೆ. ಒಂದು ಬಿಳಿ ಹೋಂಡಾ ಆಕ್ಟಿ ತಂದರು. ಇಲ್ಲಿನ ದಾಖಲೆಯಲ್ಲಿ 1990 ಅಂತ ಅಚ್ಚಾಗಿತ್ತು. ಜಪಾನಿನ ಕಾಗದದಲ್ಲೂ ಹೇಸೇ 2, ಲೆಕ್ಕ ಸರಿಯಾಗಿತ್ತು. ಒಂದು ಬೇಸಿಗೆ ಗಾಡಿ ಬಿಸಿಯಾಗಿ ನೀರು ಉಗುಳಿತು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇಡುವ ತೆಳು ಹಾಳೆ, ಹೋಗಿತ್ತು. ನಾನು ಫೋನಿನಲ್ಲಿ ಹೇಳಿದೆ, ಭಾವ, ಮೊದಲು ಫ್ರೇಮ್ ನಂಬರ್ ನೋಡಿ ಅಂತ. ಅವರು, "ನೀನು ಸುಮ್ನೆ ಗಾಬರಿ ಮಾಡಬೇಡ ಮಾರಾಯ, ಕಾಗದದಲ್ಲೇ ಇದೆಯಲ್ಲ 1990" ಅಂದರು. ತರಿಸಿದರು, 1990ರ ಆಕ್ಟಿ ಗ್ಯಾಸ್ಕೆಟ್.

ಶನಿವಾರ ನಾನೇ ಹೋದೆ. ಆಕ್ಟಿಯ ಇಂಜಿನ್ ಮುಂದೆ ಇರೋದಿಲ್ಲ, ಸಾಮಾನು ಹೇರುವ ಜಾಗದ ಕೆಳಗೆ, ಹಿಂದಿನ ಚಕ್ರಗಳಿಗಿಂತ ಚೂರು ಮುಂದೆ ಮಲಗಿರುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಚ್ಚಿದ್ದೇ ಬಿಚ್ಚಿದ್ದು. ಅಕ್ಕ ಎರಡು ಸಲ ಕಾಫಿ ತಂದುಕೊಟ್ಟರು, ಎರಡೂ ಆರಿಹೋಯಿತು. ಕೊನೆಗೆ ಹೆಡ್ ಎತ್ತಿ, ಬ್ಲಾಕ್ ಒರೆಸಿ, ಹೊಸ ಗ್ಯಾಸ್ಕೆಟ್ ಮೇಲಿಟ್ಟೆವು. ಮೂರು ಸಿಲಿಂಡರ್, ಗ್ಯಾಸ್ಕೆಟ್ಟಿನಲ್ಲೂ ಮೂರು ತೂತು, ಅಲ್ಲಿಗೆ ಸರಿ. ಆದರೆ ಗ್ಯಾಸ್ಕೆಟ್ಟಿನ ತೂತು ದೊಡ್ಡದು. ಸಿಲಿಂಡರಿನ ಬಾಯಿ ಸುತ್ತ ಬ್ಲಾಕಿನ ಲೋಹ ಬಳೆಯ ಹಾಗೆ ಕಾಣುತ್ತಿತ್ತು. ಸಣ್ಣ ಪಾತ್ರೆಗೆ ದೊಡ್ಡ ಮುಚ್ಚಳ ಇಟ್ಟ ಹಾಗೆ. ಭಾವ ಅದನ್ನು ತಿರುಗಿಸಿ ಇಟ್ಟರು. ಮತ್ತೆ ತಿರುಗಿಸಿದರು. ಮಗುಚಿದರು. ನಾನು ಏನೂ ಮಾತಾಡಲಿಲ್ಲ.

ಆಮೇಲೆ ಟಾರ್ಚು ಹಿಡಿದು ನಂಬರ್ ಹುಡುಕಿದೆವು. ತುಕ್ಕು, ಮಣ್ಣು, ಅದರ ಮೇಲೆ ಯಾರೋ ಹೊಡೆದ ಬಣ್ಣ. ತಂತಿ ಬ್ರಶ್ಶಿನಲ್ಲಿ ಉಜ್ಜಿದೆ, ಓದೋಕೆ ಆಗಲಿಲ್ಲ. ಆಗ ನೆನಪಾಯಿತು. ಊರಲ್ಲಿ ಆರ್‌ಟಿಓ ಆಫೀಸಿನ ಮುಂದೆ ಏಜೆಂಟರು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಿದ್ದರಲ್ಲ? ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜೋದು. ಭಾವನ ಮಗಳ ಡ್ರಾಯಿಂಗ್ ಪುಸ್ತಕದ ಒಂದು ಹಾಳೆ ಹರಿದು ಹಾಗೇ ಮಾಡಿದೆ. ಒಂದೊಂದೇ ಅಕ್ಷರ ಬಿಳಿಯಾಗಿ ಎದ್ದು ಬಂತು. ಎಚ್, ಎ, 2.

ಎಚ್‌ಎ2! ಅಂದರೆ ನಾಲ್ಕು ಚಕ್ರಕ್ಕೂ ಶಕ್ತಿ ಇರುವ ಹಳೆಯ 550 ಸಿಸಿ ಆಕ್ಟಿ. 1990ರ ಶುರುವಿನಲ್ಲಿ ಜಪಾನ್ ಸರ್ಕಾರ ಕೇ ಗಾಡಿಗಳ ಇಂಜಿನ್ ಮಿತಿಯನ್ನು 550ರಿಂದ 660 ಸಿಸಿಗೆ ಏರಿಸಿತು. ಹೋಂಡಾ ಅದೇ ಮುಖದ ಟ್ರಕ್ಕಿಗೆ ದೊಡ್ಡ ಇಂಜಿನ್ ಹಾಕಿ ಎಚ್‌ಎ3, ಎಚ್‌ಎ4 ಅಂತ ಮಾರಿತು. ಹಳೆಯದರ ಸಿಲಿಂಡರ್ ಬಾಯಿ 62.5 ಮಿಲಿಮೀಟರ್, ಹೊಸದರದ್ದು 66. ಆ ಮೂರೂವರೆ ಮಿಲಿಮೀಟರಿಗೆ ನಮ್ಮ ಒಂದು ಶನಿವಾರ ಹೋಯಿತು. ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದಿದ್ದ ಚೀಟಿ ನೋಡಿದರೆ 1989. ಗಾಡಿ ಹುಟ್ಟಿದ್ದು ಒಂದು ವರ್ಷ, ರಸ್ತೆ ಹತ್ತಿದ್ದು ಇನ್ನೊಂದು ವರ್ಷ. ಕಾಗದ ಸುಳ್ಳು ಹೇಳಿರಲಿಲ್ಲ, ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಆಗಿರಲಿಲ್ಲ ಅಷ್ಟೇ. ಭಾವ ಆ ದೊಡ್ಡ ಗ್ಯಾಸ್ಕೆಟ್ಟನ್ನು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ಯಾಕೆ ಅಂತ ನಾನು ಕೇಳಿಲ್ಲ.

ಗಾಜಿನ ಆ ಕಡೆಯಿಂದ ಐದು ಬೆರಳು ತೋರಿಸುತ್ತಿದ್ದಾರೆ. ಐದು ನಿಮಿಷವಾ? ಇಲ್ಲ, ಮೂರೇ ಅಂತೆ. ಸರಿ, ಕಾಗದ ಪೆನ್ನು ತಗೊಳ್ಳಿ, ಬೇಗ ಬೇಗ ಹೇಳುತ್ತೇನೆ.

ಸುಜುಕಿ ಕ್ಯಾರಿ. ಡಿಸಿ51ಟಿ, ಡಿಡಿ51ಟಿ ಅಂತ ಇದ್ದರೆ 1991ರಿಂದ 1998ರ ಒಳಗಿನದು. ಡಿಡಿ ಅಂದರೆ ನಾಲ್ಕು ಚಕ್ರದ್ದು. ಡಿಎ52ಟಿ, ಡಿಬಿ52ಟಿ ಅಂತ ಇದ್ದರೆ 1999 ಅಥವಾ ಅದರಿಂದ ಈಚೆಗೆ. ಹೈಜೆಟ್. ಎಸ್80ರ ಸಾಲು 1986ರಿಂದ, ಎಸ್100 ಮತ್ತು ಎಸ್110 1994ರಿಂದ, ಎಸ್200 ಮತ್ತು ಎಸ್210 1999ರಿಂದ. ಸಾಂಬಾರ್ ಟ್ರಕ್ಕಿನಲ್ಲಿ ಕೆಎಸ್ ಅಂತ ಶುರುವಾದರೆ 1990ರ ದಶಕ, ಟಿಟಿ ಅಂದರೆ 1999ರಿಂದ 2012. ನಿಮ್ಮ ಗಾಡಿ ಈ ಪಟ್ಟಿಯಲ್ಲಿ ಬಂದಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ದಾರಿ ಅದೇ.

ನಂಬರ್ ಸಿಗೋವರೆಗೆ ಟೇಪು ಹಿಡಿದು ಅಗಲ ಅಳೆಯಿರಿ. ಕನ್ನಡಿ ಬಿಟ್ಟು, ಬರೀ ಮೈ. 1998ರ ಅಕ್ಟೋಬರಿನಲ್ಲಿ ಜಪಾನ್ ಅಗಲದ ಮಿತಿಯನ್ನು 1.4 ಮೀಟರಿನಿಂದ 1.48ಕ್ಕೆ, ಉದ್ದದ ಮಿತಿಯನ್ನು 3.3ರಿಂದ 3.4ಕ್ಕೆ ಏರಿಸಿತು. ಟೇಪು 140 ಸೆಂಟಿಮೀಟರ್ ಒಳಗೇ ನಿಂತರೆ ಹಳೆಯ ಪೀಳಿಗೆ, 147ರ ಹತ್ತಿರ ಬಂದರೆ ಹೊಸದು. ಮಾರುವವನು 2000ದ ಗಾಡಿ ಅನ್ನುತ್ತಿದ್ದು ಟೇಪು 139.5 ಅಂದರೆ, ಟೇಪಿನ ಮಾತು ಕೇಳಿ.

ಟೈರು ನೋಡಿ ವರ್ಷ ಹೇಳೋದನ್ನು ದಯವಿಟ್ಟು ಬಿಡಿ. ಚಪ್ಪಲಿ ನೋಡಿ ಮನುಷ್ಯನ ವಯಸ್ಸು ಹೇಳಿದ ಹಾಗೆ ಅದು. ಮೀಟರಿನ ಕಿಲೋಮೀಟರ್ ನೋಡಿ ಹೇಳೋದನ್ನೂ ಬಿಡಿ. ಸೀಟ್ ಬೆಲ್ಟಿನ ಚೀಟಿ ಪರವಾಗಿಲ್ಲ, ಗಾಡಿಗಿಂತ ಕೆಲವು ತಿಂಗಳು ಹಿಂದಿನದಾಗಿರುತ್ತದೆ.

ಇನ್ನೊಂದು, ಇದು ತುಂಬ ಜನ ಮಾಡುವ ತಪ್ಪು. ಗಾಡಿಯ ಜೊತೆ ಬರುವ ಜಪಾನಿ ರಫ್ತು ಪತ್ರವನ್ನು ಇಲ್ಲಿ ನೋಂದಣಿಗೆ ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಮೂಲ ಪ್ರತಿ ಕಚೇರಿಯವರು ಇಟ್ಟುಕೊಂಡರೆ ವಾಪಸ್ ಸಿಗೋದು ಕಷ್ಟ. ಅದರಲ್ಲಿ ಫ್ರೇಮ್ ನಂಬರ್ ಇರುತ್ತದೆ, ಜೊತೆಗೆ ಮಾದರಿಯ ಐದು ಅಂಕಿಯ ಒಂದು ಸಂಖ್ಯೆ, ವರ್ಗದ ಇನ್ನೊಂದು ಸಂಖ್ಯೆ. ಜಪಾನಿನಿಂದ ಬಿಡಿಭಾಗ ತರಿಸುವಾಗ ಈ ಮೂರನ್ನೂ ಕೊಟ್ಟರೆ ಅಂಗಡಿಯವನು ನಿಮ್ಮನ್ನು ವರ್ಷವೇ ಕೇಳೋದಿಲ್ಲ.

ಕೆನಡಾದಿಂದ ಒಬ್ಬ ತಾಯಿ ಬರೆದು ಕೇಳಿದ್ದಾರೆ, ಮನೆಯವರು ತಂದ ಟ್ರಕ್ಕಿನಲ್ಲಿ ಫ್ರೇಮ್ ನಂಬರ್ ಇರುವ ಪ್ಲೇಟ್ ಕಿತ್ತುಹೋಗಿದೆ, ಏನು ಮಾಡೋದು ಅಂತ. ಅಮ್ಮಾ, ಪ್ಲೇಟ್ ಹೋದರೂ ಚಾಸಿಯ ಕಬ್ಬಿಣದ ಮೇಲೆ ಅದೇ ನಂಬರ್ ಕೊರೆದಿರುತ್ತದೆ. ಮನೆಯವರಿಗೆ ಒಂದು ತಂತಿ ಬ್ರಶ್, ಒಂದು ಪೆನ್ಸಿಲ್, ಮಕ್ಕಳ ಪುಸ್ತಕದ ಒಂದು ಹಾಳೆ ಕೊಟ್ಟು ಗಾಡಿಯ ಕೆಳಗೆ ಕಳಿಸಿ. ಸಿಕ್ಕಿದ ನಂಬರನ್ನು ಈ ಕಾರ್ಯಕ್ರಮಕ್ಕೆ ಬರೆದು ಕಳಿಸಿದರೆ ಮುಂದಿನ ಭಾನುವಾರ ನಾನೇ ಓದಿ ಹೇಳುತ್ತೇನೆ. ನಮಸ್ಕಾರ.