ಕಾರ್ ಕೀ ಚಿಪ್ ನಂಬರ್ ಎಲ್ಲಿರುತ್ತೆ? ಹುಡುಕೋಕೆ ಹೋಗಿ ಒಡಪಿಗೆ ಸಿಕ್ಕಾಕ್ಕೊಂಡೆ

[ದೃಶ್ಯ: ಬೆಳಗ್ಗೆ, ದಾವಣಗೆರೆ ವಿದ್ಯಾನಗರದ ಒಂದು ರಸ್ತೆ. ನಿಂತ ಕಾರು. ಕೀ ತಿರುಗಿಸಿದ ಸದ್ದು. ಎಂಜಿನ್ ಗುರ್ ಅಂದು ಎರಡೇ ಸೆಕೆಂಡಿಗೆ ಬಂದ್.]

ಕೇಳಿಸ್ತಾ? ತಡೀರಿ, ಇನ್ನೊಂದ್ ಸಲ.

[ಮತ್ತೆ ಅದೇ ಸದ್ದು. ಬಂದ್.]

ಪೆಟ್ರೋಲ್ ಇದೆ. ಬ್ಯಾಟರಿ ಹೊಸದು. ರಿಮೋಟ್ ಒತ್ತಿದ್ರೆ ಡೋರ್ ಟಕ್ ಅಂತ ತೆಗೆಯುತ್ತೆ. ಕೀ ಸಲೀಸಾಗಿ ತಿರುಗುತ್ತೆ. ಆದ್ರೂ ಗಾಡಿ ಹೊತ್ತಿ ಹೊತ್ತಿ ಆರ್ತಿದೆ, ಮಳೇಲಿ ನೆನೆದ ಬೆಂಕಿಪೊಟ್ಟಣದ ಥರ. ಡ್ಯಾಶ್‌ಬೋರ್ಡ್ ಮೇಲೆ ಕೀ ಚಿತ್ರ ಇರೋ ಒಂದು ಸಣ್ಣ ಲೈಟ್ ಮಾತ್ರ ಮಿಣಮಿಣ ಅಂತ ನನ್ನನ್ನೇ ನೋಡಿ ನಗ್ತಿದೆ.

ತಪ್ಪು ಯಾರ್ದು? ನಂದೇ. ಹಿಂದಿನ ದಿನ ಏನ್ ಮಾಡಿದ್ದೆ ಅಂದ್ರೆ, ಕೀ ಕವಚ ಸವೆದು ಬಟನ್ ಕಿತ್ತು ಬಂದಿತ್ತು. ಆನ್‌ಲೈನಲ್ಲಿ ಹೊಸ ಶೆಲ್ ತರಿಸಿದೆ. ಹಳೇದನ್ನ ಬಿಚ್ಚಿ ಒಳಗಿನ ಹಸಿರು ಬೋರ್ಡ್, ಬ್ಯಾಟರಿ, ಹಲ್ಲಿರೋ ಲೋಹದ ಬ್ಲೇಡ್ ಎಲ್ಲ ಹೊಸದಕ್ಕೆ ಹಾಕಿದೆ. ಖಾಲಿ ಶೆಲ್ಲನ್ನ ಡಬ್ಬಿಗೆ ಎಸೆದೆ. ಬೆಳಗ್ಗೆ ಕಸದ ಗಾಡಿ ಹಾಡು ಹಾಕ್ಕೊಂಡು ಬಂತು, ತಗೊಂಡು ಹೋಯ್ತು. ಆ 'ಖಾಲಿ' ಶೆಲ್ಲಿನ ಮೂಲೇಲಿ ಹುಣಸೆಬೀಜದಷ್ಟು ದೊಡ್ಡ, ಹುಣಸೆಬೀಜದಷ್ಟೇ ಕಪ್ಪಗಿನ ಒಂದು ತುಂಡು ಕೂತಿತ್ತು. ಅದು ಪ್ಲಾಸ್ಟಿಕ್ ಅಂದ್ಕೊಂಡಿದ್ದೆ.

ಅದೇ ಚಿಪ್ಪು.

[ಚಾನೆಲ್ ಲೋಗೋ, ಮೂರು ಸೆಕೆಂಡ್ ಸಂಗೀತ.]

ನಮಸ್ಕಾರ. ಹಳೇ ಬಸ್ ಸ್ಟ್ಯಾಂಡ್ ಕಡೆ ನನಗೆ ಗುರುತಿರೋ ಕೀ ಮಾಡೋರಿಗೆ ಫೋನ್ ಹಚ್ಚಿದೆ. ಅವರ ಮೊದಲ ಮಾತು, "ಚಿಪ್ ನಂಬರ್ ಏನೈತ್ರಿ?"

ಮನೆಯಲ್ಲಿ ಗಾಡಿ ಕಾಗದದ ಕವರ್ ತೆಗೆದು ನೋಡಿದೆ. ಕೀ ಜೊತೆ ಬಂದಿದ್ದ ಒಂದು ಸಣ್ಣ ತಗಡಿನ ಬಿಲ್ಲೆ ಸಿಕ್ತು, ಅದರ ಮೇಲೆ ನಂಬರು. ಫೋಟೊ ಕಳಿಸಿದೆ.

"ಇದು ಕೀ ನಂಬರ್ ರೀ. ನಾ ಕೇಳಿದ್ದು ಚಿಪ್ಪಿಂದು."

ಆಮೇಲೆ ಒಂದು ಸ್ಕ್ರ್ಯಾಚ್ ಕಾರ್ಡ್ ಥರದ ಕಾರ್ಡ್ ಸಿಕ್ತು. ಅದನ್ನೂ ಕಳಿಸಿದೆ.

"ಅಯ್ಯ, ಅದು ಕಾರಿಗೆ ಹೊಸ ಕೀ ಸೇರ್ಸಾಕ ಬೇಕಾಗೋ ಪಿನ್ ಕೋಡ್ ರೀ, ಹಂಗೆಲ್ಲ ವಾಟ್ಸಪ್ಪಿಗೆ ಹಾಕಬ್ಯಾಡ್ರಿ, ಡಿಲೀಟ್ ಮಾಡ್ರಿ ಮೊದ್ಲು."

ಚಾಸಿಸ್ ನಂಬರ್ ಕಳಿಸ್ಲಾ ಅಂತ ಕೇಳಿದ್ದಕ್ಕೆ ಅವರು ಫೋನ್ ಇಟ್ಟರು. ನಮ್ಮ ಚಾನೆಲ್ಲಿಗೆ ಜಗಳೂರು, ಹರಿಹರ, ಹೊಳಲ್ಕೆರೆ ಕಡೆಯಿಂದ ಇದೇ ಪ್ರಶ್ನೆ ಬರ್ತಾನೇ ಇರುತ್ತೆ. ನಾನೂ 'ಕೀ ಮೇಲೆ ಬರ್ದಿರುತ್ತೆ ನೋಡಿ' ಅಂತ ಉಡಾಫೆ ಉತ್ತರ ಕೊಟ್ಟಿದ್ದೆ. ಈಗ ಕ್ಷಮೆ ಕೇಳ್ತೀನಿ. ಹೆಚ್ಚಿನವುಗಳ ಮೇಲೆ ಬರ್ದಿರಲ್ಲ.

ಬೇಸಿಕ್ಸ್ ಬೇಗ ಮುಗಿಸ್ಬಿಡೋಣ. ಚಿಪ್ಪಿನ ಹೆಸರು ಟ್ರಾನ್ಸ್‌ಪಾಂಡರ್. ಕೀ ಹಾಕೋ ರಂಧ್ರದ ಸುತ್ತ ಬಳೆ ಥರ ಒಂದು ತಂತಿ ಸುರುಳಿ ಇರುತ್ತೆ. ಕೀ ತಿರುಗಿಸಿದಾಗ ಆ ಸುರುಳಿ ಚಿಪ್ಪನ್ನ ಮಾತಾಡಿಸುತ್ತೆ. ಉತ್ತರ ಸರಿ ಬಂದ್ರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲು, ಕಿಡಿ ಬಿಡುತ್ತೆ. ಇಲ್ಲಾಂದ್ರೆ ಕತ್ತರಿ. ಈ ವ್ಯವಸ್ಥೆಯೇ ಇಮ್ಮೊಬಿಲೈಸರ್. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ರು. ಬೇಸಿಕ್ಸ್ ಮುಗೀತು.

ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ಆ ಚಿಪ್ಪಿಗೆ ಬ್ಯಾಟರಿ ಇಲ್ಲ!

[ಕ್ಯಾಮೆರಾ ಹತ್ತಿರ. ಅಂಗೈಯಲ್ಲಿ ಒಂದು ಹುಣಸೆಬೀಜ.]

ಕೀ ಒಳಗಿನ ದುಂಡು ಬ್ಯಾಟರಿ ಇದೆಯಲ್ಲ, ಅದು ಬಾಗಿಲು ತೆಗೆಯೋ ರಿಮೋಟಿಗೆ ಮಾತ್ರ. ಅದು ಸತ್ತರೂ ಚಿಪ್ ಸಾಯಲ್ಲ. ಹಾಗಾದ್ರೆ ಕರೆಂಟ್ ಎಲ್ಲಿಂದ? ಕಾರೇ ಕೊಡುತ್ತೆ, ಗಾಳಿಯಲ್ಲಿ. ಆ ತಂತಿ ಬಳೆ ಸುಮಾರು 125 ಕಿಲೋಹರ್ಟ್ಜ್ ವೇಗದಲ್ಲಿ ತುಡಿಯೋ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತೆ. ಚಿಪ್ಪಿನೊಳಗೂ ಕೂದಲಿನಂಥ ತಂತಿಯ ಒಂದು ಸುರುಳಿ ಇದೆ. ಈ ಸುರುಳಿಯ ತುಡಿತ ಆ ಸುರುಳಿಯಲ್ಲಿ ಚೂರೇ ಚೂರು ಕರೆಂಟ್ ಹುಟ್ಟಿಸುತ್ತೆ, ಅಷ್ಟರಲ್ಲೇ ಚಿಪ್ ಎದ್ದು ಕೂತು ಲೆಕ್ಕ ಮಾಡಿ ಉತ್ತರ ಕೊಟ್ಟು ಮತ್ತೆ ಮಲಗುತ್ತೆ. ನಮ್ಮ ಭದ್ರಾವತಿ ಆಕಾಶವಾಣಿ ಬರೋದು 675 ಕಿಲೋಹರ್ಟ್ಜ್‌ನಲ್ಲಿ. ಇದು ಅದಕ್ಕಿಂತಲೂ ಎಷ್ಟೋ ಕೆಳಗೆ. ಭದ್ರಾವತಿಯ ಧ್ವನಿ ದಾವಣಗೆರೆ ದಾಟಿ ಹೋಗುತ್ತೆ, ಇದರ ಪಿಸುಮಾತು ಕೆಲವೇ ಸೆಂಟಿಮೀಟರ್.

ಇದನ್ನ ನಮ್ಮಜ್ಜಿಗೆ ಹೇಳಿದೆ. ಅಜ್ಜಿ ಎಲೆ-ಅಡಿಕೆ ಮೆಲ್ಲುತ್ತಾ ಅಂದ್ರು, "ಇದ್ರಾಗೇನೈತೋ? ಹೊಸ ಸೊಸಿ ಒಡಪು ಹೇಳಿದಂಗಾತು."

ನಾನು ಪೆನ್ ಕೆಳಗಿಟ್ಟೆ. ಯಾಕಂದ್ರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತರೂ ಇಷ್ಟು ಚೆಂದದ ಹೋಲಿಕೆ ನನಗೆ ಸಿಕ್ಕಿರಲಿಲ್ಲ.

ನಮ್ಮ ಕಡೆ ಗೊತ್ತಲ್ಲ, ಮದುಮಗಳು ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ತಾರೆ. ಗಂಡನ ಹೆಸರನ್ನ ಒಡಪಿನಲ್ಲಿ ಕೂಡಿಸಿ ಹೇಳಿದ್ರೆ ಒಳಗೆ, ಇಲ್ಲಾಂದ್ರೆ ಹೊರಗೇ. ಈಗ ಕಾರೇ ಗಂಡನ ಮನೆ ಅಂದ್ಕೊಳ್ಳಿ. ಚಿಪ್ ಸೊಸೆ. ತಂತಿ ಬಳೆ ನಾದಿನಿ. ಸೊಸೆ ದೂರದಿಂದ ಹಸಿದು ಬಂದಿದಾಳೆ, ಬಾಯಲ್ಲಿ ಮಾತು ಹೊರಡ್ತಿಲ್ಲ. ನಾದಿನಿ ಮೊದಲು ಬೆಲ್ಲ-ನೀರು ಕೊಡ್ತಾಳೆ. ಅದು ಆ ಕಾಂತಕ್ಷೇತ್ರ. ಕುಡಿದ ಮೇಲೆ ಸೊಸೆಗೆ ಉಸಿರು ಬರುತ್ತೆ. ಆಮೇಲೆ "ಹೂಂ, ಹೇಳವ್ವ."

ಹಳೇ ಕಾಲದ ಚಿಪ್ಪುಗಳು ಪ್ರತಿ ಸಲ ಒಂದೇ ಒಡಪು ಹೇಳ್ತಿದ್ವು. ಬಾಯಿಪಾಠ. ಕೀ ಮಾಡೋರು ಇದಕ್ಕೆ ಫಿಕ್ಸೆಡ್ ಕೋಡ್ ಅಂತಾರೆ. 4ಸಿ, 13 ಇಂಥವು. ತೊಂದರೆ ಏನು? ಪಕ್ಕದ ಮನೆಯವಳು ಕಾಂಪೌಂಡಿಗೆ ಕಿವಿ ಹಚ್ಚಿ ಕೇಳಿಸ್ಕೊಂಡ್ರೆ ನಾಳೆ ಅವಳೂ ಅದನ್ನೇ ಹೇಳಿ ಒಳಗೆ ಬರಬಹುದು.

ಅದಕ್ಕೆ ಮುಂದಿನ ಚಿಪ್ಪುಗಳಲ್ಲಿ ಆಟ ಬದಲಾಯ್ತು. ಈಗ ಮೊದಲ ಸಾಲು ನಾದಿನಿ ಕೊಡ್ತಾಳೆ, ದಿನಾ ಹೊಸದು, ಅವಳ ಬಾಯಿಗೆ ಬಂದಿದ್ದು. ಎರಡನೇ ಸಾಲನ್ನ ಸೊಸೆ ಅಲ್ಲೇ ಕಟ್ಟಬೇಕು. ಕಟ್ಟೋ ಗುಟ್ಟು ಆ ಮನೆಯವರಿಗೂ ಸೊಸೆಗೂ ಮಾತ್ರ ಗೊತ್ತು. ಇವತ್ತಿನ ಒಡಪು ಕದ್ದು ಕೇಳಿದ್ರೆ ನಾಳೆ ಕೆಲಸಕ್ಕೆ ಬರಲ್ಲ, ನಾಳೆ ಮೊದಲ ಸಾಲೇ ಬೇರೆ. ಇನ್ನೂ ಮಜಾ ಏನು ಅಂದ್ರೆ, ನಮ್ಮಜ್ಜಿ ಕಾಲದ ಹೆಂಗಸರು ಗಂಡನ ಹೆಸರನ್ನ ಒಡಪಿನಲ್ಲಾದ್ರೂ ಹೇಳ್ತಿದ್ರು. ಈ ಚಿಪ್ಪು ಅಲ್ಲೂ ಹೇಳಲ್ಲ! ಗುಟ್ಟಿನ ಕೀಲಿ ಒಂದು ಸಲವೂ ಹೊರಗೆ ಬರೋದಿಲ್ಲ. ಹೆಸರು ಗೊತ್ತಿದೆ ಅನ್ನೋದನ್ನ ಮಾತ್ರ ತೋರಿಸುತ್ತೆ. ಇಷ್ಟೂ ನಾಟಕ ಒಂದು ಸೆಕೆಂಡಿನ ಒಳಗೆ.

ಎಡಿಟರ್ ಆಗ್ಲೇ ಗಡಿಯಾರ ತೋರಿಸ್ತಿದಾನೆ. ಒಡಪಿಗೇ ಅರ್ಧ ವಿಡಿಯೋ ಹೋಯ್ತಂತೆ. ಹೋಗ್ಲಿ ಬಿಡಿ.

[ದೃಶ್ಯ: ಕೀ ಅಂಗಡಿಯ ಮೇಜು. ಗೋಡೆ ತುಂಬಾ ನೇತಾಡೋ ಬ್ಲಾಂಕ್ ಕೀಗಳು.]

ಸರಿ, ನಂಬರ್ ಎಲ್ಲಿ? ಅಂಗಡಿಗೆ ಹೋಗಿ ಕೂತೆ. ಅವರು ಹೇಳಿದ್ದು ಕೇಳಿ ನನ್ನ ಪ್ರಶ್ನೆಯೇ ತಪ್ಪು ಅಂತ ಗೊತ್ತಾಯ್ತು. 'ಚಿಪ್ ನಂಬರ್' ಅಂದ್ರೆ ಎರಡು. ಒಂದು, ಚಿಪ್ಪಿನ ತಳಿ. 46, 47, 48, 4ಡಿ, 8ಎ. ಮೆಕ್ಕೆಜೋಳದ ಬೀಜ ತರೋಕೆ ಹೋದಾಗ ಅಂಗಡಿಯವರು ಯಾವ ತಳಿ ಅಂತ ಕೇಳ್ತಾರಲ್ಲ, ಹಾಗೆ. ಲಕ್ಷಾಂತರ ಕಾರಿನ ಚಿಪ್ಪುಗಳು ಒಂದೇ 46. ಇನ್ನೊಂದು, ಆ ಒಂದು ಕಾಳಿನದ್ದೇ ನಂಬರ್. 46ರಲ್ಲಾದ್ರೆ ಅದು 32 ಬಿಟ್, ಅಂದ್ರೆ 32 ಸೊನ್ನೆ-ಒಂದುಗಳ ಸಾಲು, 429 ಕೋಟಿ ಸಾಧ್ಯತೆಯಲ್ಲಿ ಒಂದು. ಕೀ ಮಾಡೋರು ಫೋನಿನಲ್ಲಿ ಕೇಳೋದು ಮೊದಲನೇದು. ನಾವು ಪೆಟ್ಟಿಗೆ ಕೆದಕಿ ಹುಡುಕೋದು ಎರಡನೇದು. ಎರಡೂ ಆ ತಗಡಿನ ಬಿಲ್ಲೆ ಮೇಲೆ ಇರಲ್ಲ. ಬಿಲ್ಲೆ ನಂಬರ್ ಬ್ಲೇಡಿನ ಹಲ್ಲು ಕತ್ತರಿಸೋಕೆ ಮಾತ್ರ.

ಕೆಲವು ಕೀಗಳಲ್ಲಿ ಸುಳಿವು ಸಿಗುತ್ತೆ. ಕೆಲವು ಟೊಯೊಟಾ ಕೀಗಳ ಬ್ಲೇಡಿನ ಬುಡದಲ್ಲಿ ಸಣ್ಣ ಗುರುತು ಒತ್ತಿರ್ತಾರೆ. ಚುಕ್ಕೆ ಇದ್ರೆ 4ಡಿ ಜಾತಿ, ಇಂಗ್ಲಿಷಿನ ಜಿ ಅಕ್ಷರ ಇದ್ರೆ ಅದರಲ್ಲೇ 72 ಜಿ, ಎಚ್ ಇದ್ರೆ 8ಎ. ಕನ್ನಡಕ ಹಾಕ್ಕೊಂಡು ನೋಡಬೇಕು, ಕೊಳೆ ಕೂತ್ರೆ ಕಾಣಲ್ಲ. ಕೆಲವು ರಿಮೋಟ್ ಕೀಗಳಲ್ಲಿ ಹುಣಸೆಬೀಜವೇ ಇರಲ್ಲ, ಚಿಪ್ಪು ಹಸಿರು ಬೋರ್ಡಿನ ಮೇಲೇ ಕಾಲುಗಳಿರೋ ಸಣ್ಣ ಕಪ್ಪು ಐಸಿ ಆಗಿ ಕೂತಿರುತ್ತೆ. ಅದರ ಬೆನ್ನ ಮೇಲೆ ಪಿಸಿಎಫ್ 7941, 7961 ಹೀಗೆ ಬರ್ದಿರುತ್ತೆ. ಆ ಎರಡೂ ಸಾಮಾನ್ಯವಾಗಿ 46ರ ವಂಶದವು. ಮೊಬೈಲ್ ಕ್ಯಾಮೆರಾ ಜೂಮ್ ಸಾಕು. ಆದ್ರೆ ಹುಣಸೆಬೀಜದ ಥರದವು? ಹೆಚ್ಚಿನವು ಬೋಳು, ಎಲ್ಲಾ ಕಡೆ ಕರಿ. ಗಾಜಿನ ಕೊಳವೆ ಥರದ್ದೂ ಇದೆ, ಅದೂ ಅಷ್ಟೇ. ಜೊತೆಗೆ ಒಂದೇ ಮಾಡೆಲ್ ಕಾರಲ್ಲೂ ವರ್ಷಕ್ಕೆ ತಕ್ಕಂತೆ ಚಿಪ್ ಬದಲಾಗಿರುತ್ತೆ. 'ನನ್ನ ಫ್ರೆಂಡಿಂದೂ ಇದೇ ಗಾಡಿ' ಅನ್ನೋ ಧೈರ್ಯದಲ್ಲಿ ಆನ್‌ಲೈನಲ್ಲಿ ಚಿಪ್ ತರಿಸ್ಬೇಡಿ.

ಹಾಗಾಗಿ ಓದೋ ಯಂತ್ರವೇ ಗತಿ. ನನ್ನ ಅದೃಷ್ಟಕ್ಕೆ ಮನೆಯಲ್ಲಿ ಎರಡನೇ ಕೀ ಇತ್ತು. ಅಂಗಡಿಯವರು ಅದನ್ನ ಮೊಬೈಲಿನಷ್ಟೇ ಇರೋ ಒಂದು ಯಂತ್ರದ ಬಳೆಗೆ ತೂರಿಸಿದ್ರು. ಎರಡು ಸೆಕೆಂಡ್. ಪರದೆ ಮೇಲೆ '46' ಅಂತ ಬಂತು, ಕೆಳಗೆ ಎಂಟು ಅಕ್ಷರದ ಐಡಿ, ಅದೇ ಆ ಒಂದು ಕಾಳಿನ ನಂಬರ್.

"ಇಷ್ಟೇನಾ?" ಅಂದೆ.

"ಇಷ್ಟಕ್ಕೇ ಮುಂಜಾನಿಂದ ನನ್ನ ತಲಿ ತಿಂದೀರಿ," ಅಂದ್ರು.

ಆ ಐಡಿ ಗೊತ್ತಾದ್ರೆ ಕಾರ್ ಕದಿಯಬಹುದಾ ಅಂತ ಕೇಳೋರಿಗೆ: ಆಗಲ್ಲ. ಅದು ಸೊಸೆ ಬಾಗಿಲಲ್ಲಿ 'ನಾನು ಇಂಥವರ ಮಗಳು' ಅಂತ ಹೇಳಿದ ಹಾಗೆ. ಕೇಳಿದವರಿಗೆಲ್ಲ ಹೇಳ್ತಾಳೆ. ಒಡಪಿನ ಗುಟ್ಟು ಬೇರೆ.

ಆ ಗುಟ್ಟು ಎಷ್ಟು ಗಟ್ಟಿ? ಇದೇ ಒಂದು ವಿಡಿಯೋ ಆಗಬೇಕು, ಈಗ ಓಡಿಸ್ತೀನಿ. 4ಡಿ ಚಿಪ್ಪಿನ ಮೊದಲ ತಲೆಮಾರಿನ ಗುಟ್ಟು 40 ಬಿಟ್, 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಮತ್ತು ಆರ್‌ಎಸ್‌ಎ ಅನ್ನೋ ಭದ್ರತಾ ಕಂಪನಿಯ ಪ್ರಯೋಗಾಲಯದವರು ಸೇರಿ ಬಿಡಿಸಿದ್ರು. 46ರದ್ದು 48 ಬಿಟ್, 2012ರಲ್ಲಿ ಯುರೋಪಿನ ಸಂಶೋಧಕರು ಅದರ ದೌರ್ಬಲ್ಯ ತೋರಿಸಿದ್ರು. 48 ಅನ್ನೋ ಚಿಪ್ಪಿನ ಕಥೆ ಕೋರ್ಟ್ ಮೆಟ್ಟಿಲು ಹತ್ತಿತು. 2013ರಲ್ಲಿ ಫೋಕ್ಸ್‌ವ್ಯಾಗನ್ ಲಂಡನ್ನಿನ ಹೈಕೋರ್ಟಿನಿಂದ ಆ ಚಿಪ್ಪಿನ ಗುಟ್ಟು ಬಿಡಿಸಿದ ಸಂಶೋಧನಾ ಪ್ರಬಂಧಕ್ಕೆ ತಡೆ ತಂತು, ಅದು ಹೊರಬಂದಿದ್ದು 2015ರಲ್ಲಿ. ಗುಟ್ಟು ಬಯಲಾದ ಮೇಲೂ ಎರಡು ವರ್ಷ ಬಾಯಿ ಕಟ್ಟಿದ್ದು ನನಗೇನೋ ಸರಿ ಅನ್ನಿಸಲಿಲ್ಲ. ನೀವೇನಂತೀರಿ ಕೆಳಗೆ ಬರೀರಿ.

ಉಳಿದಿದ್ದೆಲ್ಲ ಒಂದೇ ಉಸಿರಲ್ಲಿ. ಎರಡೂ ಕೀ ಕಳೆದ್ರೆ ಕೆಲಸ ದೊಡ್ಡದು, ಆರ್‌ಸಿ ಮತ್ತು ಗುರುತಿನ ಚೀಟಿ ತಗೊಂಡು ಕಂಪನಿ ಶೋರೂಮಿಗೇ ಹೋಗಿ. ಸೆಕೆಂಡ್‌ಹ್ಯಾಂಡ್ ಗಾಡಿ ತಗೊಳ್ಳೋವಾಗ ಎರಡೂ ಕೀ, ಆ ಬಿಲ್ಲೆ, ಪಿನ್ ಕಾರ್ಡ್ ಕೇಳಿ ಇಸ್ಕೊಳ್ಳಿ. ಗಾಡಿ ಕಳುವಾದ್ರೆ ವಿಮೆಯವರು ಎರಡೂ ಕೀ ಕೇಳ್ತಾರೆ. ಹೊಸ ಕೀ ಕೋಡಿಂಗ್, ಅಂದ್ರೆ ಕಾರಿಗೆ ಪರಿಚಯ, ಮಾಡಿಸೋವಾಗ ಕಳೆದ ಕೀಯನ್ನ ಕಾರಿನ ನೆನಪಿನಿಂದ ಅಳಿಸೋಕೆ ಹೇಳಿ. ಅಳಿಸಿದ್ರೂ ಬ್ಲೇಡು ಬಾಗಿಲು ತೆಗೆಯುತ್ತೆ ಅನ್ನೋದು ನೆನಪಿರಲಿ. ಒಂದೇ ಗೊಂಚಲಲ್ಲಿ ಎರಡು ಚಿಪ್ ಕೀ ಹಾಕ್ಬೇಡಿ, ಇಬ್ಬರು ಸೊಸೆಯಂದಿರು ಒಟ್ಟಿಗೆ ಒಡಪು ಹೇಳಿದಂಗಾಗುತ್ತೆ, ನಾದಿನಿಗೆ ಒಂದೂ ತಿಳಿಯಲ್ಲ.

[ದೃಶ್ಯ: ಅಂಗಡಿ ಮುಂದೆ ಕಾರು. ಸ್ಟಿಯರಿಂಗ್ ಕೆಳಗೆ ವೈರು ಚುಚ್ಚಿದ ಕೀ ಅಂಗಡಿಯವರು. ಹಿಂದಿನ ಸೀಟಲ್ಲಿ ಅಜ್ಜಿ.]

ಹೊಸ ಚಿಪ್ ಹಾಕಿದ್ರು, ಕಾರಿಗೆ ಪರಿಚಯ ಮಾಡ್ಸಿದ್ರು. ಕಸದ ಗಾಡಿ ಪಾಲಾದ ಹಳೇದನ್ನ ಅಳಿಸಿದ್ರು. ಕೀ ತಿರುಗಿಸೋ ಮುಂಚೆ ನಾನೇ ಹಿಂದೆ ತಿರುಗಿ, "ಅಜ್ಜಿ, ಒಂದು ಒಡಪು ಆಗ್ಲಿ" ಅಂದೆ. ಮೊದಲು ನಾಚಿಕೊಂಡ್ರು. ಆಮೇಲೆ,

"ಮಂಡಕ್ಕಿ ತಿನ್ನಾಕ ಜೋಡಿ ಇರಬೇಕು ಮಿರ್ಚಿ,
ಬಸಪ್ಪರಾಯರ ಹೆಸರು ಹೇಳೀನಿ, ಬಿಡ್ರಿ ಬಾಗಿಲ ಸರ್ಸಿ."

[ಎಂಜಿನ್ ಶುರುವಾಗುತ್ತದೆ. ಒಂದು, ಎರಡು, ಮೂರು ಸೆಕೆಂಡ್. ನಿಲ್ಲುವುದಿಲ್ಲ. ಕೀ ಚಿತ್ರದ ಲೈಟು ಆರುತ್ತದೆ.]