ಜರುಗುಮಲೆ ಹಿಂದಿನ ಕೌಬಾಯ್ ಊರು

(ಪರದೆ ಕಪ್ಪು. ಮಗ್ಗದ ಲಾಳಿಯ ಸದ್ದು. ಅದರ ಜೊತೆಗೇ ಮೆಲ್ಲಗೆ ಕುದುರೆ ಗೊರಸಿನ ಸದ್ದು.)

ನಮಸ್ಕಾರ. ಈ ಎರಡು ಸದ್ದು ನನಗೆ ಇವತ್ತಿಗೂ ಒಟ್ಟಿಗೇ ಕೇಳಿಸುತ್ತವೆ. ನಾನು ಬೆಳೆದದ್ದು ತಮಿಳುನಾಡಿನ ಸೇಲಂನಲ್ಲಿ. ಅಲ್ಲಿನ ದೇವಾಂಗ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಹೊಸ್ತಿಲು ದಾಟಿದರೆ ತಮಿಳು. ಸಿನಿಮಾನೂ ತಮಿಳೇ.

ಊರಾಚೆ ಒಂದು ಟೂರಿಂಗ್ ಟಾಕೀಸ್. ನೆಲದ ಟಿಕೆಟ್ ತಗೊಂಡರೆ ಕೂರೋಕೆ ಮರಳು. ಮುಂದಿನವರ ತಲೆ ಅಡ್ಡ ಬಂದರೆ ಮರಳನ್ನೇ ಗುಡ್ಡೆ ಮಾಡಿ ಅದರ ಮೇಲೆ ಕೂತುಬಿಡೋದು. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತೋದು, ಮುರುಕು, ಅಂದರೆ ಚಕ್ಕುಲಿ, ಮಾರುವವನು ಒಳಗೆ ಬರೋನು. ಒಂದು ರಾತ್ರಿ ತಮಿಳು ನಟ ಜೈಶಂಕರ್ ಕೈ ಸೊಂಟದ ಪಿಸ್ತೂಲಿನ ಹತ್ತಿರ ಹೋಗಿದೆ, ಎದುರಾಳಿ ಕಣ್ಣು ಕಿರಿದು ಮಾಡಿದ್ದಾನೆ, ಅಷ್ಟರಲ್ಲಿ ದೀಪ ಹತ್ತಿತು! ಆ ನಾಲ್ಕೈದು ನಿಮಿಷ ನಾವು ಮಕ್ಕಳು ಮುರುಕನ್ನೂ ಕೇಳಲಿಲ್ಲ. ಬಿಳಿ ಪರದೆಯನ್ನೇ ನೋಡ್ತಾ ಕೂತಿದ್ದೆವು.

(ಪರದೆ ಮೇಲೆ: ಎಂ. ಕರ್ಣನ್. ‘ಕಾಲಂ ವೆಲ್ಲುಂ’ 1970, ‘ಗಂಗಾ’ 1972, ‘ಜಕ್ಕಮ್ಮ’ 1972.)

ಆ ಚಿತ್ರಗಳನ್ನು ಮಾಡಿದವರು ಕರ್ಣನ್. ಮೊದಲು ಛಾಯಾಗ್ರಾಹಕರು, ಆಮೇಲೆ ನಿರ್ದೇಶಕರು. ಅವರ ಹೆಸರು ಇನ್ನೂ ಎಷ್ಟೋ ಜನಕ್ಕೆ ಗೊತ್ತಾಗಬೇಕು ಅನ್ನೋದೇ ಈ ವಿಡಿಯೋ ಮಾಡೋಕೆ ಕಾರಣ. ‘ದಕ್ಷಿಣದ ಜೇಮ್ಸ್ ಬಾಂಡ್’ ಅಂತ ಹೆಸರಾಗಿದ್ದ ಜೈಶಂಕರ್‌ರನ್ನು ಕುದುರೆ ಮೇಲೆ ಕೂರಿಸಿದವರು ಅವರು. ತೆಲುಗಿನಲ್ಲಿ ಕೃಷ್ಣ ನಟಿಸಿದ ‘ಮೋಸಗಾಳ್ಳಕು ಮೋಸಗಾಡು’ ಭಾರತದ ಮೊದಲ ಕೌಬಾಯ್ ಚಿತ್ರ ಅಂತ ತುಂಬಾ ಕಡೆ ಬರೆದಿರುತ್ತಾರೆ. ಒಳ್ಳೇ ಚಿತ್ರ, ನನಗೂ ಇಷ್ಟ. ಆದರೆ ಅದು ಬಂದದ್ದು 1971ರಲ್ಲಿ. ‘ಕಾಲಂ ವೆಲ್ಲುಂ’ ಅದಕ್ಕಿಂತ ಒಂದು ವರ್ಷ ಮುಂಚೆ.

ಇನ್ನು 1978ರ ‘ತಾಯ್ ಮೀದು ಸತ್ಯಂ’. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಶಿವಾಜಿರಾವ್, ಅಂದರೆ ರಜನೀಕಾಂತ್, ಅದರಲ್ಲಿ ಕೌಬಾಯ್ ವೇಷ ಹಾಕಿದರು. ಆ ಹೆಸರನ್ನೇ ಒಂದು ಸಲ ನೋಡಿ. ಕನ್ನಡದಲ್ಲಿ ಹೇಳೋದಾದರೆ ‘ಅಮ್ಮನಾಣೆ’. ವೆಸ್ಟರ್ನ್ ಅಂದರೆ ಕೌಬಾಯ್ ಚಿತ್ರ. ಇಟಲಿಯವರ ವೆಸ್ಟರ್ನ್‌ನಲ್ಲಿ ನಾಯಕ ಡಾಲರ್ ಹುಡುಕಿಕೊಂಡು ಬರುತ್ತಾನೆ. ಅವನ ಹೆಸರೇ ಸರಿಯಾಗಿ ಯಾರಿಗೂ ಗೊತ್ತಿರಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ನಮ್ಮ ಕಡೆಯವನು ಹಾಗೆ ಬರೋಕಾಗಲ್ಲ. ಟೋಪಿ, ಬೂಟು, ಪಿಸ್ತೂಲು ಎಲ್ಲ ಹೊರಗಿನದಾದರೂ ಅವನಿಗೊಬ್ಬಳು ತಾಯಿ ಬೇಕು, ತೀರಿಸೋಕೆ ಒಂದು ಆಣೆ ಬೇಕು. ಇದನ್ನು ನಕಲು ಅಂತ ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲ್ಲ.

ನಮ್ಮಜ್ಜ ಒಂದು ದಿನ ಮಗ್ಗದ ಗುಂಡಿಯಲ್ಲಿ ಕೂತೇ ಕೇಳಿದ್ದರು. “ಏನ್ಲಾ, ಆ ಟೋಪಿಯವನು ಯಾವೂರವನು?”

“ಜರುಗುಮಲೆ ಹಿಂದಿನ ಊರು, ಅಜ್ಜ.”

ಜರುಗುಮಲೆ ಅಂದರೆ ಸೇಲಂ ಹತ್ತಿರದ ಒಂದು ಬೆಟ್ಟ. ನಾನು ನಿಜವಾಗಿಯೂ ಹಾಗೇ ನಂಬಿದ್ದೆ. ಸೇಲಂ ಸುತ್ತ ಬೆಟ್ಟ, ಬಂಡೆ, ಕೆಂಪು ಧೂಳು. ಪರದೆ ಮೇಲಿದ್ದದ್ದೂ ಅದೇ. ಅಂಥ ನೆಲ ಇದ್ದರೆ ಸಾಕು, ವೆಸ್ಟರ್ನ್ ಅಲ್ಲಿ ಬೇರು ಬಿಡುತ್ತೆ. 1975ರ ‘ಶೋಲೆ’ಗೆ ನಮ್ಮ ರಾಮನಗರದ ಬಂಡೆಗಳೇ ರಾಮಗಢ ಆದವಲ್ಲ!

(ಪರದೆ ಮೇಲೆ: ಒಂದು ಭೂಪಟ. ಜಪಾನ್‌ನಿಂದ ಇಟಲಿಗೆ, ಅಲ್ಲಿಂದ ಸ್ಪೇನಿಗೆ ಗೆರೆ.)

ಮೂಲ ಅಂತ ನಾವು ಅಂದುಕೊಂಡಿರೋದೂ ಊರೂರು ಸುತ್ತಿ ಬಂದದ್ದೇ. 1961ರಲ್ಲಿ ಜಪಾನಿನ ಕುರೊಸಾವಾ ‘ಯೊಜಿಂಬೊ’ ಮಾಡಿದರು. ಕತ್ತಿ ಹಿಡಿದ ಅಲೆಮಾರಿಯ ಕಥೆ. 1964ರಲ್ಲಿ ಇಟಲಿಯ ಸೆರ್ಜಿಯೊ ಲಿಯೊನೆ ಅದನ್ನೇ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದರು, ಅನುಮತಿ ಕೇಳದೆ. ಜಪಾನಿನವರು ಕೇಸು ಹಾಕಿದರು, ಲಿಯೊನೆ ಕಡೆಯವರು ಗಳಿಕೆಯಲ್ಲಿ ಪಾಲು ಕೊಟ್ಟು ರಾಜಿ ಮಾಡಿಕೊಂಡರು. ಇಷ್ಟಕ್ಕೂ ಕಥೆ ನಡೆಯೋದು ಮೆಕ್ಸಿಕೊ ಗಡಿಯಲ್ಲಿ, ಧೂಳು ಸ್ಪೇನಿನ ಅಲ್ಮೇರಿಯಾದ್ದು.

ಲಿಯೊನೆಯ ಚಿತ್ರ ನಾನು ನೋಡಿದ್ದು ಎಷ್ಟೋ ವರ್ಷ ಆದಮೇಲೆ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’, 1966ರದ್ದು. ಕೊನೆಗೆ ಒಂದು ಸ್ಮಶಾನ ಬರುತ್ತೆ. ಚಿತ್ರೀಕರಣಕ್ಕಂತಲೇ ಸ್ಪೇನಿನ ಸೈನಿಕರು ಸಾವಿರಾರು ಗೋರಿ ಗುಡ್ಡೆ ಹಾಕಿ ಕಟ್ಟಿದ್ದು. ನಡುವೆ ದುಂಡನೆ ಜಾಗ, ಅಲ್ಲಿ ಮೂವರು. ಮೊದಲು ದೂರದಿಂದ ತೋರಿಸುತ್ತಾರೆ. ಆಮೇಲೆ ಕೈ, ಆಮೇಲೆ ಮುಖ, ಆಮೇಲೆ ಬರೀ ಕಣ್ಣು. ಎನಿಯೊ ಮೊರಿಕೋನೆಯ ಸಂಗೀತ ಏರ್ತಾ ಹೋಗುತ್ತೆ, ಶಾಟ್‌ಗಳು ಚಿಕ್ಕದಾಗ್ತಾ ಹೋಗುತ್ತವೆ. ಗುಂಡು ಮಾತ್ರ ಹಾರಲ್ಲ. ನಿಮಿಷಗಟ್ಟಲೆ ಹಾರಲ್ಲ.

ಅಷ್ಟೂ ಹೊತ್ತು ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಈಗ ದೀಪ ಹತ್ತುತ್ತೆ, ಮುರುಕಿನವನು ಬರ್ತಾನೆ ಅಂತ.